ಒಂದು ತಾಸಿನ ಕೆಲಸ

ಸೀತಾಬರ್ಡಿಯಲ್ಲಿ ಕಾರಿನ ಸ್ಟೀರಿಯೊ ಮಾರುವ ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ಕೇಳಿಬರುವ ಮಾತು ಒಂದೇ: “ಏಕಾ ತಾಸಾಚಂ ಕಾಮ ಆಹೇ, ಭಾವೂ.” ತಾಸು ಎಂಬ ಶಬ್ದ ನಮ್ಮ ಧಾರವಾಡದ ಕಡೆಯವರಿಗೂ ಮನೆಮಾತೇ ಆದದ್ದರಿಂದ ಇದನ್ನು ನಂಬಿಬಿಡುವುದು ಬಹಳ ಸುಲಭ. ಆದರೆ ಆ ತಾಸು ಯಾವಾಗ ಶುರುವಾಗುತ್ತದೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಕಾರಿನಲ್ಲಿ ಅದು ಶನಿವಾರ ಬೆಳಿಗ್ಗೆ ಶುರುವಾಗಿ ಭಾನುವಾರ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಕಂಪನಿಯಿಂದ ಬಂದ ಸೆಟ್ ತೆಗೆದು ಹೊಸದನ್ನು ತಾವೇ ಕೂಡಿಸಬೇಕೆಂದಿರುವ ಇನ್ನೂ ಇಬ್ಬರು ಮೂವರು ನಮ್ಮಲ್ಲಿದ್ದಾರೆಂದು ಕೇಳಿದೆ. ಆದ್ದರಿಂದ ಈ ಸಲದ ಅಂಕಣ ಅವರಿಗಾಗಿ.

ಹಿರಿಯರನ್ನು ರಾಯರೆಂದು ಕರೆಯೋಣ. ಹೆಸರು ಹಾಕಬೇಡಿರೆಂದು ತಾಕೀತು ಮಾಡಿದ್ದಾರೆ. ಅವರ ಕಾರಿಗೆ ಹದಿನೆಂಟು ವರ್ಷ. ಅದರ ಸೆಟ್ಟಿನಲ್ಲಿ ಕ್ಯಾಸೆಟ್ಟಿನ ಬಾಯಿಯೂ ಇತ್ತು, ಮಧ್ಯಮ ತರಂಗ ಹಾಗೂ ಎಫ್.ಎಂ. ಎರಡೂ ಹಿಡಿಯುವ ರೇಡಿಯೊ ಕೂಡ ಇತ್ತು. ಒಳಗಿನ ರಬ್ಬರ್ ಬೆಲ್ಟ್ ಸಡಿಲಾಗಿ ಎಂತೆಂಥ ಗಾಯಕರೂ ತೂಕಡಿಸುತ್ತ ಹಾಡತೊಡಗಿದ್ದರು. ಪುಣೆಯಲ್ಲಿರುವ ಮಗ, ಫೋನಿನ ಹಾಡು ನುಡಿಸುವ ಹೊಸ ಸೆಟ್ ಕಳಿಸಿಕೊಟ್ಟ. ರಾಯರು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಇದರಾಗ ಧಾರವಾಡ ಬರತದೇನ್ರಿ?” ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಹೊಸ ಸೆಟ್ ಹಳೆಯದರ ಗೂಡಿನಲ್ಲಿ ಕೂಡುತ್ತದೆಯೇ ಎಂಬ ಚಿಂತೆ ಅನೇಕರಿಗೆ. ಅದು ಅಷ್ಟು ದೊಡ್ಡ ಚಿಂತೆಯಲ್ಲ. ಜರ್ಮನಿಯವರು ಮಾಡಿದ ಅಳತೆಯೊಂದಿದೆ. ಅದನ್ನೇ ಡಿನ್ ಎನ್ನುತ್ತಾರೆ. ಸೆಟ್ಟಿನ ಮುಖ ೧೮೦ ಮಿಲಿಮೀಟರ್ ಅಗಲ, ೫೦ ಮಿಲಿಮೀಟರ್ ಎತ್ತರ. ಎತ್ತರ ಇಮ್ಮಡಿಯಾದರೆ ಡಬಲ್ ಡಿನ್. ಮುಂದೆ ಐ.ಎಸ್.ಓ. ಕೂಡ ಇದನ್ನೇ ತನ್ನ ೭೭೩೬ನೆಯ ಮಾನಕವಾಗಿ ಒಪ್ಪಿಕೊಂಡಿತು. ಡ್ಯಾಷ್‌ಬೋರ್ಡಿನ ಜೊತೆಗೇ ಎರಕ ಹೊಯ್ದಂತೆ ಓರೆಕೋರೆ ಮುಖದ ಸೆಟ್ ನಿಮ್ಮದಾಗಿದ್ದರೆ ಮಾತ್ರ ಆ ಮಾಡೆಲಿಗೆ ಹೊಂದುವ ಫ್ರೇಮನ್ನು ಬೇರೆಯಾಗಿ ಕೊಳ್ಳಬೇಕು.

ತೆಗೆಯುವುದೇ ಮೊದಲ ಪೀಡೆ. ಹತ್ತರ ಪಾನಾದಿಂದ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟು ಕೆಲಸಕ್ಕೆ ಕೂಡಬೇಕು. (ಕೆಲವು ಸೆಟ್ಟುಗಳು ಬ್ಯಾಟರಿ ಬಿಚ್ಚಿದೊಡನೆ ಗುಪ್ತಸಂಖ್ಯೆ ಕೇಳುತ್ತವೆ. ಹಳೆಯ ಸೆಟ್ಟನ್ನು ಮತ್ತೆ ಬಳಸುವ ಯೋಚನೆಯಿದ್ದರೆ ಕಾರಿನ ಕಾಗದಪತ್ರಗಳಲ್ಲಿ ಆ ಸಂಖ್ಯೆಯನ್ನು ಮೊದಲೇ ಹುಡುಕಿಟ್ಟುಕೊಳ್ಳಿ.) ಸೆಟ್ಟಿನ ಎರಡೂ ಬದಿಯಲ್ಲಿ ಸಣ್ಣ ತೂತುಗಳಿದ್ದರೆ ಅವುಗಳಲ್ಲಿ ತೂರಿಸಿ ಎಳೆಯುವ ಉಕ್ಕಿನ ಕೀಲಿಗಳು ಬೇಕು. ಅವು ಯಾರ ಮನೆಯಲ್ಲೂ ಇರುವುದಿಲ್ಲ. ರಾಯರು ಹಳೆಯ ಛತ್ರಿಯ ಕಡ್ಡಿಗಳನ್ನು ಬಗ್ಗಿಸಿ ಕೊಟ್ಟರು, ಕೆಲಸ ನಡೆಯಿತು. ತೂತುಗಳಿಲ್ಲವೆಂದರೆ ಸೆಟ್ಟನ್ನು ಪಕ್ಕದಿಂದ ಸ್ಕ್ರೂ ಹಾಕಿ ಕೂಡಿಸಿದ್ದಾರೆಂದು ತಿಳಿದು, ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನೇ ಕಳಚಬೇಕು. ನಾಗಪುರದ ಹದಿನೆಂಟು ಬೇಸಿಗೆ ಕಂಡ ಪ್ಲಾಸ್ಟಿಕ್ ಹಪ್ಪಳದ ಹಾಗೆ ಆಗಿರುತ್ತದೆ. ತುಸು ಜೋರು ಮಾಡಿದರೆ ಲಟಕ್ಕೆನ್ನುತ್ತದೆ.

ನಿಜವಾದ ತಲೆನೋವು ಇರುವುದು ಸೆಟ್ಟಿನಲ್ಲಲ್ಲ, ಅದರ ಬೆನ್ನ ಹಿಂದೆ. ಸೆಟ್ ಹೊರಗೆ ಬಂದಾಗ ಕಂಡದ್ದು ಮೂರು ಕಡೆ ಹೊಸೆದು ಕಪ್ಪು ಟೇಪು ಸುತ್ತಿದ ತಂತಿಗಳ ಗೊಂಚಲು. ಹಿಂದೆ ಯಾವಾಗಲೋ ಸ್ಪೀಕರ್ ಬದಲಿಸಿದವರ ಕೈಚಳಕವಂತೆ. ಮೇ ತಿಂಗಳಲ್ಲಿ ಈ ಊರಿನ ಬಿಸಿಲು ೪೫ ಡಿಗ್ರಿ ದಾಟುತ್ತದೆ. ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗಂತೂ ಕೇಳುವುದೇ ಬೇಡ. ಟೇಪಿನ ಅಂಟು ಕರಗಿ, ಸುತ್ತು ಜಾರಿ, ಬೆತ್ತಲೆ ತಾಮ್ರ ಒಂದಕ್ಕೊಂದು ತಾಗುವ ಅಂತರದಲ್ಲಿತ್ತು. ಬೆಂಕಿ ಹತ್ತಲು ಇದಕ್ಕಿಂತ ಹೆಚ್ಚಿಗೆ ಏನೂ ಬೇಕಾಗಿಲ್ಲ. ಬೆಸುಗೆ ಹಾಕಿ, ಬಿಸಿ ಮಾಡಿದರೆ ಬಿಗಿದುಕೊಳ್ಳುವ ಪ್ಲಾಸ್ಟಿಕ್ ಕೊಳವೆ ತೊಡಿಸುವುದೇ ಸರಿಯಾದ ದಾರಿ. ಅದಕ್ಕಿಂತಲೂ ಒಳ್ಳೆಯದು ಕಾರಿನ ತಂತಿಯನ್ನು ಕತ್ತರಿಸದೇ ಇರುವುದು. ಒಂದು ಕಡೆ ಕಾರಿನ ಪ್ಲಗ್ಗಿಗೆ, ಇನ್ನೊಂದು ಕಡೆ ಹೊಸ ಸೆಟ್ಟಿಗೆ ಸೇರುವ ಕಪ್ಲರ್ ಸಿಗುತ್ತದೆ. ಸೆಟ್ಟಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ, ಆದರೂ ಅಂಗಡಿಯವರು ತಾವಾಗಿ ಅದರ ಹೆಸರೆತ್ತುವುದಿಲ್ಲ. ಶನಿವಾರ ಮಧ್ಯಾಹ್ನ ಬರ್ಡಿಯ ಮೇನ್ ರೋಡಿನ ಜನಜಂಗುಳಿಯಲ್ಲಿ ಅದನ್ನು ಹುಡುಕುತ್ತ ನಾವಿಬ್ಬರೂ ವೆರೈಟಿ ಚೌಕದಿಂದ ಲೋಹಾಪುಲ್‌ವರೆಗೆ ಎರಡು ಸಲ ನಡೆದೆವು. ಮೊದಲು ಸಿಕ್ಕದ್ದು ಕಾರಿಗೆ ಹೊಂದಲಿಲ್ಲ. ಹೊಂದಿದ್ದು ಸಿಕ್ಕಿದಾಗ ಅಂಗಡಿ ಮುಚ್ಚುವ ಹೊತ್ತು.

ಹೊಸ ಸೆಟ್ಟಿನ ಬಣ್ಣಗಳ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ: ಹಳದಿ ತಂತಿಗೆ ಸದಾ ಬ್ಯಾಟರಿಯ ೧೨ ವೋಲ್ಟ್, ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ, ಕಪ್ಪು ಕಾರಿನ ಮೈಗೆ. ಕಾರಿನ ಕಡೆಯ ತಂತಿಗಳು ಈ ಬಣ್ಣಗಳನ್ನು ಪಾಲಿಸುತ್ತವೆಂದು ಮಾತ್ರ ನಂಬಬೇಡಿ. ಮಲ್ಟಿಮೀಟರ್ ಹಿಡಿದು ನೋಡಿ. ಹಳದಿ ಕೆಂಪು ಅದಲು ಬದಲಾದರೆ ಕೀಲಿ ತೆಗೆದಾಗಲೆಲ್ಲ ಸೆಟ್ಟಿಗೆ ಮರೆವು ಬಂದು, ಕೂಡಿಸಿಟ್ಟ ಸ್ಟೇಷನ್ನುಗಳೆಲ್ಲ ಅಳಿಸಿಹೋಗುತ್ತವೆ. ಸ್ಪೀಕರಿನ ನೆಗೆಟಿವ್ ತಂತಿಯನ್ನು ಕಾರಿನ ಮೈಗೆ ಸೇರಿಸಿದಿರೋ, ಇಂದಿನ ಸೆಟ್ಟುಗಳ ಒಳಗಿನ ಆಂಪ್ಲಿಫೈಯರ್ ಸುಟ್ಟೇಹೋದೀತು. ಒಂದು ಸ್ಪೀಕರಿಗೆ ಮಾತ್ರ ಪ್ಲಸ್ ಮೈನಸ್ ತಿರುಗಿಬಿದ್ದರೆ ಏನೂ ಸುಡುವುದಿಲ್ಲ, ಆದರೆ ತಬಲಾದ ಎಡಗೈಯ ನಾದವೇ ಮಾಯವಾಗುತ್ತದೆ. ಒಂದು ಸ್ಪೀಕರಿನ ಪರದೆ ಮುಂದೆ ತಳ್ಳುವಾಗ ಇನ್ನೊಂದರದು ಹಿಂದಕ್ಕೆ ಎಳೆಯುತ್ತದೆ. ತಗ್ಗಿನ ಸ್ವರಗಳು ಒಂದನ್ನೊಂದು ನುಂಗುತ್ತವೆ. ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲನ್ನು ಸ್ಪೀಕರಿನ ತಂತಿಗಳಿಗೆ ಒಂದು ಕ್ಷಣ ತಾಗಿಸಿ ನೋಡಿ. ಪರದೆ ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರಿನ ಪ್ಲಸ್.

ಭಾನುವಾರ ಎಲ್ಲ ಸೇರಿಸಿದ ಮೇಲೂ ಎಫ್.ಎಂ.ನಲ್ಲಿ ಬರಿಯ ಮಳೆಯ ಸದ್ದು. ಇದಕ್ಕೆ ಕಾರಣ ನೀಲಿ ತಂತಿ. ಚಾವಣಿಯ ಮೇಲಿನ ಗಿಡ್ಡ ಆಂಟೆನಾದ ಬುಡದಲ್ಲಿ ಪುಟ್ಟ ಬೂಸ್ಟರ್ ಇರುವ ಕಾರುಗಳಲ್ಲಿ ಅದಕ್ಕೆ ವಿದ್ಯುತ್ತು ಸೆಟ್ಟಿನಿಂದಲೇ ಹೋಗಬೇಕು. ಅಂಗಡಿಯವರು ಈ ತಂತಿಯನ್ನು “ಎಕ್ಸ್‌ಟ್ರಾ” ಎಂದು ಹೇಳಿ ಮಡಚಿ ಒಳಗೆ ತುರುಕುವುದನ್ನು ನಾನು ಬೇರೆ ಕಾರುಗಳಲ್ಲೂ ಕಂಡಿದ್ದೇನೆ. ಸೇರಿಸಿದೊಡನೆ ಮಳೆ ನಿಂತು ಹಾಡು ಬಂತು.

ಇನ್ನು ರಾಯರ ಪ್ರಶ್ನೆ. ಹೊಸ ಸೆಟ್ಟಿನಲ್ಲಿ ಮಧ್ಯಮ ತರಂಗವೇ ಇಲ್ಲ. ಈಗ ಬರುವ ಅನೇಕ ಸೆಟ್ಟುಗಳ ಕಥೆ ಇದೇ. ಆಕಾಶವಾಣಿ ಧಾರವಾಡ ೧೯೫೦ರಲ್ಲಿ ಆರಂಭವಾದದ್ದು. ಮಧ್ಯಮ ತರಂಗದಲ್ಲಿ ಅದರ ಜಾಗ ೭೬೫ ಕಿಲೋಹರ್ಟ್ಸ್. ನಾಗಪುರದಿಂದ ನೇರ ಅಳೆದರೆ ಸುಮಾರು ೭೫೦ ಕಿಲೋಮೀಟರ್. ಹಗಲಿನಲ್ಲಿ ಅಯಾನುಮಂಡಲದ ಕೆಳಪದರವು ಈ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ತರಂಗಗಳು ಮೇಲಿನ ಪದರಕ್ಕೆ ತಾಗಿ ಪ್ರತಿಫಲಿಸಿ ದೂರದ ಊರುಗಳಲ್ಲಿ ಇಳಿಯುತ್ತವೆ. ರಾಯರು ಎಷ್ಟೋ ವರ್ಷ ರಾತ್ರಿ ಊಟವಾದ ಮೇಲೆ ಕಾರಿನಲ್ಲಿ ಒಬ್ಬರೇ ಕೂತು, ಏರಿಳಿಯುವ ಆ ದನಿಯಲ್ಲಿ ಊರಿನ ಮಾತು ಕೇಳಿದವರು. ಈಗ ಫೋನಿನ ಆ್ಯಪಿನಲ್ಲಿ ಆಕಾಶವಾಣಿಯ ಕನ್ನಡ ಕಾರ್ಯಕ್ರಮಗಳು ಸ್ವಚ್ಛವಾಗಿ ಸಿಗುತ್ತವೆಂದು ಹೇಳಿ, ಹಾಕಿಯೂ ತೋರಿಸಿದೆ. “ಛಲೋ ಐತ್ರಿ. ಆದ್ರ ಇದು ಹುಡುಕಿ ಹಿಡದದ್ದಲ್ಲಲ್ಲ,” ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಹಳೆಯ ಸೆಟ್ಟನ್ನು ಗುಜರಿಗೆ ಹಾಕಲಿಲ್ಲ. ಅದರ ಎರಡು ಪ್ಲಸ್ ತಂತಿಗಳನ್ನು, ಸದಾ ವಿದ್ಯುತ್ತಿನದು ಹಾಗೂ ಕೀಲಿಯದು, ಒಟ್ಟಿಗೆ ಸೇರಿಸಿ ನಡುವೆ ಒಂದು ಫ್ಯೂಸ್ ಹಾಕಿ ೧೨ ವೋಲ್ಟಿನ ಬ್ಯಾಟರಿಗೆ ಕೊಟ್ಟೆವು. ಮನೆಯಲ್ಲಿದ್ದ ಎರಡು ಸ್ಪೀಕರ್ ಜೋಡಿಸಿ, ಆಂಟೆನಾದ ತೂತಿಗೆ ಹತ್ತು ಹನ್ನೆರಡು ಮೀಟರ್ ತಂತಿ ಸಿಕ್ಕಿಸಿ ಮಾಳಿಗೆಯಲ್ಲಿ ಹರಡಿದೆವು. ಲ್ಯಾಪ್‌ಟಾಪಿನಂಥ ಅಡಾಪ್ಟರ್ ಇದಕ್ಕೆ ಆಗುವುದಿಲ್ಲ. ಅದರ ಗುಂಯ್ ಸದ್ದು ಮಧ್ಯಮ ತರಂಗವನ್ನೆಲ್ಲ ಮುಚ್ಚಿಬಿಡುತ್ತದೆ. ಎಲ್.ಇ.ಡಿ. ದೀಪಗಳದೂ ಅದೇ ಹಾವಳಿ. ರಾಯರೀಗ ರಾತ್ರಿ ಒಂಬತ್ತಾದರೆ ಮಾಳಿಗೆಯ ದೀಪ ಆರಿಸಿ, ಗುಂಡಿಯನ್ನು ನಿಧಾನವಾಗಿ ತಿರುಗಿಸುತ್ತ ಕೂಡುತ್ತಾರಂತೆ.