ಹಿತ್ತಲ ಗಿಡವೂ ಮದ್ದೇ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಕೋಶ ಓದುವ ವಿಷಯದಲ್ಲಿ ನಾವು ವಿದ್ಯಾರ್ಥಿಗಳು ಎಷ್ಟರವರೆಂಬುದು ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನ ಎಲ್ಲರಿಗೂ ತಿಳಿಯುತ್ತದೆ. ಆ ಮಾತನ್ನು ಇಲ್ಲಿ ಎತ್ತಲಾರೆ. ಆದರೆ ದೇಶ ಸುತ್ತುವ ವಿಷಯದಲ್ಲಿ ನಮ್ಮ ಉತ್ಸಾಹಕ್ಕೆ ಎಲ್ಲೆಯಿಲ್ಲ. ಮೂರು ದಿನ ಒಟ್ಟಿಗೆ ಬಿಡುವು ದೊರೆಯಿತೆಂದರೆ ಸಾಕು, ವಸತಿನಿಲಯದ ಕೋಣೆ ಕೋಣೆಯಲ್ಲಿಯೂ ಬೆಂಗಳೂರು, ಗೋವೆ, ಹೈದರಾಬಾದು ಎಂಬ ಜಪ ನಡೆಯುತ್ತದೆ. ಕುಷ್ಟಗಿಯವನು ಯಲಬುರ್ಗಾ ನೋಡಿಲ್ಲ. ಯಲಬುರ್ಗಾದವನು ಗಂಗಾವತಿ ನೋಡಿಲ್ಲ. ಆದರೆ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಇಬ್ಬರೂ ಬಲ್ಲರು. ಈ ರೂಢಿ ತಪ್ಪೆಂದೂ, ಪ್ರವಾಸವೆಂಬುದು ನಮ್ಮ ಮನೆಯಂಗಳದಿಂದಲೇ ಆರಂಭವಾಗಬೇಕೆಂದೂ ವಾದಿಸಲು ಈ ಲೇಖನವನ್ನು ಬರೆಯುತ್ತಿದ್ದೇನೆ. ಈ ವಾದ ನನ್ನ ಜಾಣತನದಿಂದ ಹುಟ್ಟಿದ್ದಲ್ಲ. ಒಂದು ಮಳೆಯೂ ಒಬ್ಬ ಮಿತ್ರನೂ ಕೂಡಿ ನನಗೆ ಕಲಿಸಿದ ಪಾಠ.

2024ರ ಆಗಸ್ಟ್ 15 ಗುರುವಾರ ಬಂದಿತ್ತು. ನಡುವಣ ಎರಡು ದಿನಗಳಿಗೆ ರಜೆಯ ಚೀಟಿ ಬರೆದುಕೊಟ್ಟರೆ ಭಾನುವಾರದವರೆಗೆ ನಾಲ್ಕು ದಿನ ನಮ್ಮವೇ. (ಪ್ರಾಚಾರ್ಯರು ಮನ್ನಿಸಬೇಕು.) ನಾನೂ ನನ್ನ ಕೋಣೆಯ ಸಂಗಾತಿಯೂ ಬೆಂಗಳೂರಿಗೆ ಹೋಗುವುದೆಂದು ತಿಂಗಳ ಮೊದಲೇ ಗೊತ್ತುಮಾಡಿಕೊಂಡು ಹಣ ಕೂಡಿಹಾಕಿದ್ದೆವು. ನನ್ನದು ಯಲಬುರ್ಗಾ ತಾಲೂಕಿನ ಒಂದು ಹಳ್ಳಿ, ಮಳೆಯನ್ನೇ ನಂಬಿದ ನೆಲ. ಅವನದು ಗಂಗಾವತಿಯ ಕಡೆ, ಕಾಲುವೆಯ ನೀರು ಹರಿದು ಭತ್ತ ಬೆಳೆಯುವ ಸೀಮೆ.

ಅಷ್ಟರಲ್ಲಿ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ಕಡಿದು, ಗೇಟು ಕೊಚ್ಚಿಕೊಂಡು ಹೋಯಿತು. ಮಲೆನಾಡಿನ ಮಳೆಯಿಂದ ಜಲಾಶಯ ಆಗತಾನೆ ತುಂಬಿ ನಿಂತಿತ್ತು. ಅಣೆಕಟ್ಟಿಗೆ ಅಪಾಯವಾಗದಂತೆ ಉಳಿದ ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ಎರಡು ದಿನ ಕಳೆದ ಮೇಲೆ ನನ್ನ ಮಿತ್ರನಿಗೆ ಮನೆಯಿಂದ ಫೋನು ಬಂದಿತು. ಮಾತು ಮುಗಿಸಿ ಒಳಗೆ ಬಂದವನು, “ನಾ ಬೆಂಗಳೂರಿಗೆ ಬರಂಗಿಲ್ಲೋ” ಎಂದ.

“ಯಾಕಲೇ, ಏನಾತು?”

“ಡ್ಯಾಮಿನ ನೀರೆಲ್ಲಾ ಹೊಂಟೈತಿ. ಈಗ ರೊಕ್ಕ ಖರ್ಚು ಮಾಡಬ್ಯಾಡ ಅಂದಾನ ಅಪ್ಪ.”

ನನಗೆ ಸಿಟ್ಟು ಬಂದಿತು. “ನಿಮಗ ವರ್ಷಕ್ಕ ಎರಡು ಬೆಳಿ. ಒಂದು ಹೋದ್ರ ಏನಾತು? ನಾವು ಮುಗಿಲ ನೋಡ್ಕೋತ ಕುಂದ್ರೋ ಮಂದಿ, ನಾವೇನು ಹಿಂಗ ಅಳತೀವೇನು?” ಎಂದುಬಿಟ್ಟೆ. ಅವನು ಉತ್ತರ ಕೊಡಲಿಲ್ಲ. ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

15ರ ಬೆಳಿಗ್ಗೆ ಧ್ವಜಾರೋಹಣ ಮುಗಿಯಿತು. ಆಶ್ಲೇಷಾ ಮಳೆ ಮುಗಿದು ಮಘಾ ಹಿಡಿಯುವ ಸಂಧಿಕಾಲ. ಜಿಟಿಜಿಟಿ ಹನಿ ನಿಂತೇ ಇರಲಿಲ್ಲ. ಆಡಿದ ಮಾತು ನನ್ನ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಕ್ಷಮೆ ಕೇಳುವುದಕ್ಕೆ ನಾಲಿಗೆ ಏಳದೆ, “ರೊಕ್ಕ ಬ್ಯಾಡ, ಟಿಕೆಟ್ ಬ್ಯಾಡ, ಕೊಪ್ಪಳನಾರ ನೋಡೋಣ ಬಾ” ಎಂದೆ. ಇಬ್ಬರಿಗೂ ಸೇರಿ ಒಂದೇ ಕೊಡೆ. ಹೀಗೆ ಆರಂಭವಾಯಿತು ನಮ್ಮ ಪ್ರವಾಸ.

ಕೊಪ್ಪಳದಲ್ಲಿ ಎರಡು ವರ್ಷ ಇದ್ದ ನಮಗೆ ತಿಳಿದಿದ್ದುದು ಬಸ್ ನಿಲ್ದಾಣ, ಕಾಲೇಜು, ವಸತಿನಿಲಯ ಮತ್ತು ಒಗ್ಗರಣೆ ಮಿರ್ಚಿ ಚೆನ್ನಾಗಿ ಮಾಡುವ ಒಂದೆರಡು ಅಂಗಡಿಗಳು. ಅಶೋಕ ವೃತ್ತ ಎಲ್ಲರಿಗೂ ಗೊತ್ತು. ಮೆರವಣಿಗೆ, ಧರಣಿ, ಘೋಷಣೆ ಎಲ್ಲಕ್ಕೂ ಅದೇ ಸ್ಥಳ. ಆದರೆ ಆ ವೃತ್ತಕ್ಕೆ ಆ ಹೆಸರೇಕೆಂದು ಅಂದಿನವರೆಗೆ ನಾವು ವಿಚಾರಿಸಿರಲಿಲ್ಲ. ಗವಿಮಠದ ಬೆಟ್ಟದ ಮೇಲೂ ಊರ ಪಶ್ಚಿಮದ ಪಾಲ್ಕಿಗುಂಡಿನ ಮೇಲೂ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳಿವೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆದ ಈ ಬರಹಗಳು ವಿದ್ವಾಂಸರ ಕಣ್ಣಿಗೆ ಬಿದ್ದುದು 1931ರಲ್ಲಿ. ಜಾತ್ರೆಗೆ ಲಕ್ಷೋಪಲಕ್ಷ ಜನ ಸೇರುವ ಗವಿಮಠದ ನೆತ್ತಿಯ ಮೇಲೆಯೇ ಇಂಥ ನಿಧಿ ಇದ್ದರೂ, ಅದನ್ನು ನೋಡಿಬಂದವರು ನಮ್ಮ ತರಗತಿಯಲ್ಲಿ ಎಷ್ಟು ಮಂದಿಯೆಂದು ಆಮೇಲೆ ಕೇಳಿದೆ. ಎದ್ದ ಕೈಗಳು ನಾಲ್ಕು.

ಗವಿಮಠದ ಶಾಸನ ನೋಡಿಕೊಂಡು ಪಾಲ್ಕಿಗುಂಡನ್ನು ಹತ್ತುವ ಹೊತ್ತಿಗೆ ಮಳೆ ಬಿರುಸಾಯಿತು. ಬಂಡೆ ಜಾರುತ್ತಿತ್ತು, ಕೊಡೆ ಗಾಳಿಗೆ ತಿರುಚಿಕೊಂಡಿತು. ಬಂಡೆಗಳ ಮೇಲೆ ಮತ್ತೊಂದು ಹೆಬ್ಬಂಡೆ ಪಲ್ಲಕ್ಕಿಯ ಮೇಲ್ಕಟ್ಟಿನಂತೆ ಕುಳಿತಿರುವುದರಿಂದಲೇ ಅದಕ್ಕೆ ಪಾಲ್ಕಿಗುಂಡು ಎಂಬ ಹೆಸರು. ಅದರ ಕೆಳಗೆ ನುಸುಳಿ ಕುಳಿತೆವು. ಸಂಸ್ಕೃತದಲ್ಲಿ ‘ವರಾಂಗಚರಿತ’ವನ್ನು ಬರೆದ ಜೈನ ಮುನಿ ಜಟಾಸಿಂಹನಂದಿಯ ಪಾದಗಳನ್ನು ಕೆತ್ತಿರುವುದೂ ಇದೇ ಗುಡ್ಡದ ಮೇಲೆಯೇ. ಚಕ್ರವರ್ತಿಯ ಮಾತು, ಕವಿಯ ಹೆಜ್ಜೆ, ಅವುಗಳ ನಡುವೆ ತೊಯ್ದು ತೊಪ್ಪೆಯಾದ ಇಬ್ಬರು ವಿದ್ಯಾರ್ಥಿಗಳು!

ಅಕ್ಷರಗಳನ್ನು ಓದಲು ನಮಗೆ ಬಾರದು. ಆದರೆ ಅದರ ಸಾರವನ್ನು ನಮ್ಮ ಇತಿಹಾಸದ ಗುರುಗಳು ಪಾಠದಲ್ಲಿ ಹೇಳಿದ್ದರು. ತಾನು ಮೊದಲು ಅಷ್ಟಾಗಿ ಶ್ರಮಿಸಲಿಲ್ಲ, ಆಮೇಲೆ ಶ್ರಮಿಸಿದೆ ಎಂದು ಅಶೋಕ ಒಪ್ಪಿಕೊಳ್ಳುತ್ತಾನೆ. ಶ್ರಮದ ಫಲ ದೊಡ್ಡವರ ಸೊತ್ತಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಅದನ್ನು ಪಡೆಯಬಲ್ಲರು ಎನ್ನುತ್ತಾನೆ. ಅಷ್ಟು ದೊಡ್ಡ ಅರಸನು ತನ್ನ ಕೊರತೆಯನ್ನು ಕಲ್ಲಿನಲ್ಲಿ ಕೊರೆಯಿಸಿದನು. ನನಗೋ ಪಕ್ಕದಲ್ಲಿ ಕುಳಿತವನಿಗೆ ತಪ್ಪಾಯಿತೆಂದು ಹೇಳಲು ಬಾಯಿ ಬರುತ್ತಿಲ್ಲ! ಕಡೆಗೆ, “ಮೊನ್ನೆ ನಾ ಹಂಗ ಅನ್ನಬಾರದಿತ್ತು” ಎಂದೆ.

ಅವನು ಮಳೆಯನ್ನು ನೋಡುತ್ತಲೇ ಹೇಳಿದ: “ಆ ಗದ್ದಿ ನಮ್ಮದಲ್ಲೋ. ಲಾವಣಿ ಹಿಡದೀವಿ. ನೀರು ಬರಲಿ ಬಿಡಲಿ, ಗದ್ದಿ ಮಾಲಕರಿಗೆ ಕೊಡೋದು ಕೊಡಬೇಕು. ನಾಟಿ ಮಾಡಿ ಇನ್ನಾ ಹದಿನೈದು ದಿನ ಆಗಿಲ್ಲ. ಈ ಬೆಳಿ ಹೋತಂದ್ರ ನಾ ಮುಂದಿನ ವರ್ಷ ಕಾಲೇಜಿಗೆ ಬರೂದು ಖಾತ್ರಿ ಇಲ್ಲ.”

ಎರಡು ವರ್ಷ ಒಂದೇ ಕೋಣೆಯಲ್ಲಿ ಮಲಗಿದ್ದೆವು. ಒಂದೇ ಡಬ್ಬಿಯ ಶೇಂಗಾ ಚಟ್ನಿ ಹಂಚಿಕೊಂಡು ರೊಟ್ಟಿ ತಿಂದಿದ್ದೆವು. ಅವನ ಮನೆಗೆ ಸ್ವಂತ ನೆಲವಿಲ್ಲವೆಂಬುದು ನನಗೆ ಗೊತ್ತಿರಲಿಲ್ಲ. ಕಾಲುವೆಯ ಸೀಮೆಯವರೆಲ್ಲ ಸ್ಥಿತಿವಂತರೆಂದು ನಾನು ತಿಳಿದಿದ್ದೆ. ನಾನು ಸುಮ್ಮನಿದ್ದುದನ್ನು ನೋಡಿ ಅವನೇ ಮಾತು ತಿರುಗಿಸಿದ: “ನಿಮ್ಮ ಹೆಸರು ಬಿಡಿಸೋದು ಮುಗೀತೇನು? ಈ ಮಳಿಗೆ ಗಿಡದಾಗ ಮೊಳಕಿ ಒಡದೀತು, ನೋಡು.”

ನನಗೆ ಎದೆ ಝಗ್ಗೆಂದಿತು. ಮಳೆ ಬಂದಿತೆಂದು ಹಿಗ್ಗಿದ್ದೆನೇ ಹೊರತು, ಹೆಸರಿನ ಕಾಯಿ ಬಲಿತ ಹೊತ್ತಿನಲ್ಲಿ ಜಡಿ ಹಿಡಿದರೆ ಕಾಳು ಕೆಡುತ್ತದೆಂಬುದನ್ನು ಮರೆತಿದ್ದೆ. ಮನೆಗೊಂದು ಮಾತು ಕೇಳಿಯೂ ಇರಲಿಲ್ಲ. ತನ್ನ ಗದ್ದೆ ಒಣಗುವ ಭಯದಲ್ಲಿದ್ದವನಿಗೆ ನನ್ನ ಹೊಲದ ನೆನಪಿತ್ತು.

ಮರುದಿನ ಶುಕ್ರವಾರ ಹೊಸಪೇಟೆಗೆ ಹೋದೆವು. ಮುನಿರಾಬಾದು ದಾಟಿ ರೈಲು ಸೇತುವೆಯ ಮೇಲೆ ಬಂದಾಗ ಡಬ್ಬಿಯೊಳಗಿನ ಗದ್ದಲ ತಾನಾಗಿಯೇ ನಿಂತಿತು. ಕೆಳಗೆ ತುಂಗಭದ್ರೆ ಕೆಂಪಾಗಿ ಭೋರ್ಗರೆಯುತ್ತಿದ್ದಳು. ಬೇರೆ ಯಾವ ದಿನವಾದರೂ ಅದೊಂದು ಮನೋಹರ ನೋಟವೆನಿಸುತ್ತಿತ್ತು. ಅಂದು ಹರಿಯುತ್ತಿದ್ದುದು ಮಾತ್ರ ನನ್ನ ಮಿತ್ರನ ಗದ್ದೆಯ ನೀರು. 1945ರಲ್ಲಿ ಅಡಿಗಲ್ಲು ಬಿದ್ದು, 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟು ಇದು. ಅಂದಿನ ಮದರಾಸು ಪ್ರಾಂತವೂ ಹೈದರಾಬಾದು ಸಂಸ್ಥಾನವೂ ಕೂಡಿ ಆರಂಭಿಸಿದ ಕೆಲಸ. ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಆ ಆಗಸ್ಟಿನ ಒಂದು ವಾರದಲ್ಲಿ ಅದರಿಂದಲೂ ಸುಮಾರು ಮೂವತ್ತು ಟಿ.ಎಂ.ಸಿ. ಬರಿದಾಯಿತು. ಒಂದು ಸರಪಳಿ ಕಡಿದರೆ ಎಷ್ಟು ಮನೆಗಳ ಒಲೆ ನಡುಗುತ್ತದೆಂಬುದನ್ನು ಯಾವ ಪಠ್ಯಪುಸ್ತಕವೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಊರೆಲ್ಲ ಅದೇ ಮಾತು. ಗೇಟು ಹೋದ ಜಾಗದಲ್ಲಿ ಉಕ್ಕಿನ ಅಡ್ಡಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ತಡೆಯುವ ಪ್ರಯತ್ನ ನಡೆದಿತ್ತು. ಹರಿಯುವ ನೀರಿನಲ್ಲಿ ಇಂಥ ಕೆಲಸ ಸುಲಭವಲ್ಲ. ಕನ್ನಯ್ಯ ನಾಯ್ಡು ಎಂಬ ವೃದ್ಧ ತಜ್ಞರ ಮಾರ್ಗದರ್ಶನದಲ್ಲಿ ಕೆಲಸಗಾರರು ಜೀವದ ಹಂಗು ತೊರೆದು ದುಡಿಯುತ್ತಿದ್ದರು. ಕತ್ತಲಾದ ಮೇಲೆ ನಾವು ಒಂದು ಖಾನಾವಳಿಯಲ್ಲಿ ಕುಳಿತಿದ್ದಾಗ, ಮೂಲೆಯ ಮೇಜಿನಲ್ಲಿದ್ದ ಅಜ್ಜನೊಬ್ಬನು ಫೋನನ್ನು ಮೇಲೆತ್ತಿ, “ಕುಂತ್ತಪಾ, ಕುಂತು! ಮೊದಲ್ನೇದು ಕುಂತು!” ಎಂದು ಕೂಗಿದ. ಉಣ್ಣುತ್ತಿದ್ದವರೆಲ್ಲ ಎದ್ದುನಿಂತರು. ನನ್ನ ಮಿತ್ರ ಮಾತ್ರ ತಟ್ಟೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದ. ಅವನ ಹೆಗಲು ಅಲುಗುತ್ತಿತ್ತು. ಖಾನಾವಳಿಯ ಯಜಮಾನರು ನಮ್ಮ ಚಹಾದ ಹಣವನ್ನು ತೆಗೆದುಕೊಳ್ಳಲಿಲ್ಲ. “ಇವತ್ತ ಬ್ಯಾಡ ಬಿಡ್ರಿ ತಮ್ಮಾ” ಎಂದರು.

ಶನಿವಾರ ಗಂಗಾವತಿಗೆ ಹೋಗಿ, ಅಲ್ಲಿಂದ ಅವನ ಹಳ್ಳಿಗೆ ನಡೆದೆವು. ಉಳಿದ ಹಲಗೆಗಳೂ ಕೂತವೆಂಬ ಸುದ್ದಿ ಅಂದೇ ಬಂದಿತು. ಅವರ ತಂದೆ ನಮ್ಮನ್ನು ಕಂಡವರೇ, “ಬೆಂಗಳೂರಿಗೆ ಹೋಗಲಿಲ್ಲೇನಪಾ?” ಎಂದರು. “ಇಲ್ರಿ ಕಾಕಾ, ಇಲ್ಲೇ ಬಂದ್ವಿ” ಎಂದೆ. ಅವರು ನಕ್ಕು, ಗದ್ದೆಯ ಬದುವಿನ ಮೇಲೆ ನನ್ನನ್ನು ಕೈಹಿಡಿದು ನಡೆಸಿದರು. ಮೊಣಕಾಲೆತ್ತರವೂ ಇಲ್ಲದ ಹಸುರು ಸಸಿಗಳು ನೀರಿನಲ್ಲಿ ನಿಂತಿದ್ದವು.

ಇನ್ನು ನನ್ನ ವಾದಕ್ಕೆ ಬರುತ್ತೇನೆ. “ಹಳ್ಳಿಯಿಂದ ಬಂದ ಹುಡುಗರು ದೊಡ್ಡ ನಗರ ನೋಡಬೇಡವೆ? ಕೆಲಸ ಸಿಗುವುದೂ ಅಲ್ಲಿಯೇ, ಧೈರ್ಯ ಬರುವುದೂ ಅಲ್ಲಿಯೇ” ಎಂದು ಕೆಲವರು ಆಕ್ಷೇಪಿಸಬಹುದು. ಅವರ ಮಾತಿನಲ್ಲಿ ಹುರುಳಿದೆ. ಹೋಗಬಾರದೆಂದು ನಾನು ಹೇಳುತ್ತಿಲ್ಲ; ಮೊದಲು ಅಲ್ಲಿಗೇ ಹೋಗಬಾರದು ಎನ್ನುತ್ತೇನೆ. ತನ್ನ ಊರನ್ನರಿಯದೆ ಬೆಂಗಳೂರಿಗೆ ಹೋದವನು ಅಲ್ಲಿ ಮೊದಲು ಕಲಿಯುವುದು ನಾಚಿಕೆಯನ್ನು. ನಮ್ಮ ಮಾತು ಕೇಳಿ ಯಾರಾದರೂ ನಕ್ಕರೆ ನಾವು ನಾಲಿಗೆಯನ್ನು ತಿದ್ದಿಕೊಳ್ಳಲು ಹೊರಡುತ್ತೇವೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಾದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಹೆಸರಿಸಿದ ಕೊಪಣ ನಗರವೇ ನಮ್ಮ ಕೊಪ್ಪಳ. ಇದನ್ನು ತಿಳಿದು ಹೋದವನು ನಗುವವರನ್ನು ಕಂಡು ತಾನೂ ನಕ್ಕು ಮುಂದೆ ನಡೆದಾನು.

“ಇಲ್ಲಿ ನೋಡುವುದಕ್ಕೇನಿದೆ?” ಎಂಬುದು ಎರಡನೆಯ ಆಕ್ಷೇಪ. 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯವಿದೆ. ಕುಕನೂರಿನ ನವಲಿಂಗ ಗುಡಿಗಳಿವೆ. ಗಂಗಾವತಿಯ ಬಳಿ ಹಿರೇಬೆಣಕಲ್ಲಿನ ಗುಡ್ಡದಲ್ಲಿ ಸಾವಿರಾರು ವರ್ಷಗಳ ಹಿಂದಿನ ಕಲ್ಮನೆಗಳಿವೆ. ಕಿನ್ನಾಳದಲ್ಲಿ ಮರದ ಗೊಂಬೆಗೆ ಬಣ್ಣ ಹಾಕುವ ಚಿತ್ರಗಾರರಿದ್ದಾರೆ. 1858ರಲ್ಲಿ ಮುಂಡರಗಿ ಭೀಮರಾಯನು ಬ್ರಿಟಿಷರೊಡನೆ ಹೋರಾಡಿ ಮಡಿದ ಕೋಟೆ ಕೊಪ್ಪಳದಲ್ಲಿಯೇ ಇದೆ. 15 ಆಗಸ್ಟ್ 1947ರಂದು ನಮ್ಮ ಈ ಸೀಮೆಯಲ್ಲಿ ತ್ರಿವರ್ಣ ಧ್ವಜ ನಿರಾತಂಕವಾಗಿ ಹಾರಲಿಲ್ಲವೆಂದೂ, ನಿಜಾಮನ ಆಳ್ವಿಕೆಯಿಂದ ನಾವು ಬಿಡುಗಡೆ ಹೊಂದಿದ್ದು 1948ರ ಸೆಪ್ಟೆಂಬರ್ 17ರಂದೆಂದೂ ತಿಳಿದವನಿಗೆ ಎರಡೂ ದಿನಗಳ ಅರ್ಥ ಬೇರೆಯಾಗಿ ತೋರುತ್ತದೆ.

ಆದರೆ ಗುಡಿ, ಕೋಟೆ, ಶಾಸನಗಳ ಪಟ್ಟಿಯೇ ನನ್ನ ವಾದವಲ್ಲ. ಕಲ್ಲು ನೋಡಿ ಬರುವುದು ಅರ್ಧ ಪ್ರವಾಸ. ಜೊತೆಗಿರುವವನ ಮನೆಯ ಒಲೆ ಯಾವ ನೀರಿನಿಂದ, ಯಾವ ಮಳೆಯಿಂದ ಉರಿಯುತ್ತದೆಂದು ತಿಳಿದು ಬರುವುದು ಉಳಿದರ್ಧ. ನಾಲ್ಕು ತಾಲೂಕುಗಳಾಗಿ ಹುಟ್ಟಿ ಈಗ ಏಳಾಗಿರುವ ನಮ್ಮ ಜಿಲ್ಲೆಯಲ್ಲಿ ಕಾಲುವೆಯ ಸೀಮೆಯೂ ಮಳೆಯ ಸೀಮೆಯೂ ಬೆನ್ನು ತಿರುಗಿಸಿ ಕುಳಿತಿವೆ. ಒಬ್ಬರ ಕಷ್ಟ ಮತ್ತೊಬ್ಬರಿಗೆ ಕತೆ. ಆದುದರಿಂದ ವಿದ್ಯಾರ್ಥಿ ಸಂಘಕ್ಕೆ ನನ್ನದೊಂದು ಸಲಹೆ: ಮೊದಲ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಯೂ ಬೇರೆ ತಾಲೂಕಿನ ಒಬ್ಬ ಸಹಪಾಠಿಯ ಊರಿಗೆ ಹೋಗಿ ಒಂದು ದಿನ ಇದ್ದು, ಕಂಡದ್ದನ್ನು ಎರಡು ಪುಟ ಬರೆದು ಈ ವಾರ್ಷಿಕ ಸಂಚಿಕೆಗೆ ಕೊಡಲಿ. ಖರ್ಚೆಂದರೆ ಬಸ್ಸಿನ ಹಣ. ನಮ್ಮ ಸಹಪಾಠಿ ಸೋದರಿಯರಿಗೆ 2023ರ ಜೂನಿನಿಂದ ಸಾರಿಗೆ ಬಸ್ಸಿನಲ್ಲಿ ಅದೂ ಇಲ್ಲ. ಮಳೆ ಬಂದರೆ ಬರಲಿ, ಕೊಡೆ ಒಂದೇ ಇರಲಿ. ಒಂದೇ ಕೊಡೆಯಿದ್ದರೆ ಹತ್ತಿರ ನಡೆಯಬೇಕಾಗುತ್ತದೆ.

ಅನಂತರ ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ನನ್ನ ಮಿತ್ರನ ಮನೆಗೆ ಭತ್ತ ಬಂದಿತು. ಅವನು ಓದು ಬಿಡಲಿಲ್ಲ. ನಮ್ಮ ಹೆಸರು ಅರ್ಧಕ್ಕರ್ಧ ಮೊಳೆತುಹೋಗಿತ್ತು. ಬೆಂಗಳೂರಿಗೆಂದು ಕೂಡಿಸಿಟ್ಟ ಹಣದಲ್ಲಿ ತನ್ನ ಪಾಲನ್ನು ಅವನು ನನ್ನ ಪರೀಕ್ಷಾ ಶುಲ್ಕಕ್ಕೆ ಕಟ್ಟಿದ್ದನೆಂಬುದು ರಶೀದಿ ಕೈಗೆ ಬಂದಾಗ ತಿಳಿಯಿತು. ಬೆಂಗಳೂರನ್ನು ನಾವಿನ್ನೂ ನೋಡಿಲ್ಲ. ನೋಡಿಯೇವು, ಅದೆಲ್ಲಿಗೂ ಹೋಗುವುದಿಲ್ಲ.