ಬಾಲದಲ್ಲಿ ಎಕ್ಸ್ ಇರುವ ಪುಟ್ಟ ಪದಗಳು

ಬಾಕ್ಸು, ಟ್ಯಾಕ್ಸು, ಫ್ಯಾಕ್ಸು, ಜೆರಾಕ್ಸು. ಈ ನಾಲ್ಕನ್ನೂ ನಮ್ಮದೇ ಪದಗಳು ಅನ್ನೋ ಹಾಗೆ ಬಳಸ್ತೀವಿ. ಕೊನೆಗೊಂದು ‘ಉ’ ಅಂಟಿಸಿದರೆ ಮುಗೀತು, ಇಂಗ್ಲಿಷ್ ಪದ ಕನ್ನಡದ ಮನೆಯೊಳಗೆ ಬಂದ ಹಾಗೆ. ಈ ನಾಲ್ಕಕ್ಕೂ ಇಂಗ್ಲಿಷ್ ಸ್ಪೆಲ್ಲಿಂಗಿನ ಕೊನೇ ಅಕ್ಷರ ಒಂದೇ: ಎಕ್ಸ್.

ಇದೇ ಬಾಲದ ಇನ್ನಷ್ಟು ಪುಟ್ಟ ಪದಗಳು ಆಫೀಸಿನ ಮೇಲ್‌ನಲ್ಲಿ, ಮೀಟಿಂಗ್‌ನಲ್ಲಿ, ಸುದ್ದಿಯ ತಲೆಬರಹದಲ್ಲಿ ದಿನಾ ಸಿಗುತ್ತವೆ. ಉದ್ದನೆಯ ಪದ ಕಂಡರೆ ನಾವು ಡಿಕ್ಷನರಿ ತೆರೀತೀವಿ. ಮೂರ್ನಾಲ್ಕು ಅಕ್ಷರದ ಪದ ಬಂದರೆ ‘ಇದೇನು ಮಹಾ’ ಅಂತ ಅಂದಾಜಿನಲ್ಲೇ ದಾಟಿಬಿಡ್ತೀವಿ. ಎಡವೋದು ಅಲ್ಲೇ.

ಓದುಗರೊಬ್ಬರ ಪ್ರಶ್ನೆ ನೋಡಿ: “ನನ್ನ ರೋಲ್ ‘ಇನ್ ಫ್ಲಕ್ಸ್’ ಇದೆ ಅಂತ ಮ್ಯಾನೇಜರ್ ಮೇಲ್ ಮಾಡಿದ್ದಾರೆ. ಕೆಲಸ ಹೋಯ್ತು ಅಂತ ಅರ್ಥವಾ? ಎರಡು ದಿನದಿಂದ ನಿದ್ದೆ ಇಲ್ಲ.” ಈ ಸಲದ ಪಾಠ ಅಲ್ಲಿಂದಲೇ ಶುರು ಮಾಡೋಣ.

ಫ್ಲಕ್ಸ್ ಮತ್ತು ಫ್ಲೆಕ್ಸ್

ಫ್ಲಕ್ಸ್ ಬಂದಿರೋದು ‘ಹರಿಯುವುದು’ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ. ‘ಇನ್ ಫ್ಲಕ್ಸ್’ ಅಂದರೆ ಇನ್ನೂ ಬದಲಾಗ್ತಾ ಇದೆ, ಒಂದು ರೂಪಕ್ಕೆ ಬಂದು ನಿಂತಿಲ್ಲ ಅಂತ. ಹೋಯ್ತು ಅಂತ ಅಲ್ಲ, ಉಳೀತು ಅಂತಲೂ ಅಲ್ಲ. ಹಾಗಾಗಿ ಆ ಮೇಲ್‌ಗೆ ಗಾಬರಿಯ ಉತ್ತರ ಬೇಡ, ಸುಮ್ಮನಿರೋದೂ ಬೇಡ. “ವೆನ್ ವಿಲ್ ಮೈ ರೋಲ್ ಬಿ ಫೈನಲೈಸ್ಡ್?” ಅಂತ ನೇರವಾಗಿ ಕೇಳಿ. ಹರಿಯುತ್ತಿರೋ ನೀರು ಯಾವಾಗ, ಎಲ್ಲಿ ನಿಲ್ಲುತ್ತೆ ಅಂತ ಕೇಳೋ ಹಕ್ಕು ನಿಮಗಿದೆ. ಬೆಸುಗೆ ಹಾಕುವವರು ಬಳಸುವ ಫ್ಲಕ್ಸ್ ಕೂಡ ಇದೇ ಪದ. ಲೋಹದ ಮೇಲಿನ ಆಕ್ಸೈಡ್ ಪದರವನ್ನು ಅದು ತೆಗೆದರೆ ಕರಗಿದ ಬೆಸುಗೆ ಸಲೀಸಾಗಿ ಹರಿಯುತ್ತೆ.

ಒಂದೇ ಒಂದು ಸ್ವರ ಬದಲಾದರೆ ಫ್ಲೆಕ್ಸ್. ಇದರ ಮೂಲ ಅರ್ಥ ಬಗ್ಗಿಸು, ಮಡಿಸು. ಬೇಕಾದಂತೆ ಬಾಗುವ ಸಮಯ ಅನ್ನೋದಕ್ಕೆ ‘ಫ್ಲೆಕ್ಸಿ ಟೈಮ್’. ತೋಳು ಮಡಚಿ ಸ್ನಾಯು ತೋರಿಸೋದರಿಂದ ‘ಜಂಬ ತೋರಿಸು’ ಅನ್ನೋ ಅರ್ಥವೂ ಬಂತು. ಹೊಸ ಬೈಕಿನ ಫೋಟೋ ಹಾಕಿದರೆ “ಫ್ಲೆಕ್ಸ್ ಮಾಡ್ತಿದ್ದಾನೆ” ಅಂತೀವಲ್ಲ, ಅದು. ನಮ್ಮೂರ ಸರ್ಕಲ್‌ನಲ್ಲಿ ಕೈಮುಗಿದು ನಿಂತ ನಾಯಕರ ಫ್ಲೆಕ್ಸ್‌ಗೆ ಆ ಹೆಸರು ಬಂದಿರೋದು ಬಾಗುವ ಹಾಳೆಯಿಂದ. ಆದರೂ ಎರಡನೇ ಅರ್ಥ ಅದಕ್ಕೆ ಚೆನ್ನಾಗಿಯೇ ಹೊಂದುತ್ತೆ, ಅಲ್ವಾ?

ಕ್ರಕ್ಸ್

ಸಿ-ಆರ್-ಯು-ಎಕ್ಸ್. ಲ್ಯಾಟಿನ್‌ನಲ್ಲಿ ಇದಕ್ಕೆ ಶಿಲುಬೆ ಅಂತ ಅರ್ಥ. ಇಂಗ್ಲಿಷಿನಲ್ಲಿ ವಿಷಯದ ತಿರುಳು, ಬಿಡಿಸಲೇಬೇಕಾದ ಮುಖ್ಯ ಗಂಟು. “ವಾಟ್ ಈಸ್ ದ ಕ್ರಕ್ಸ್?” ಅಂತ ಬಾಸ್ ಕೇಳಿದರೆ ಹತ್ತು ಸ್ಲೈಡಿನ ಸಾರಾಂಶ ಹೇಳೋಕೆ ಹೋಗಬೇಡಿ. ಯಾವ ಒಂದು ಅಂಶ ಬಗೆಹರಿದರೆ ಮಿಕ್ಕಿದ್ದೆಲ್ಲ ಬಗೆಹರಿಯುತ್ತೋ ಅದನ್ನು ಹೇಳಿ. ಆಕಾಶದಲ್ಲೂ ಒಂದು ಕ್ರಕ್ಸ್ ಇದೆ. ಬೇಸಿಗೆಯ ರಾತ್ರಿ ನಮ್ಮಲ್ಲಿ ದಕ್ಷಿಣ ದಿಗಂತದ ಹತ್ತಿರ ಕೆಳಗೆ ಕಾಣುವ ನಕ್ಷತ್ರಪುಂಜ ಅದು. ನಮ್ಮವರು ಅದನ್ನು ತ್ರಿಶಂಕು ಅಂತ ಕರೀತಾರೆ.

ಲ್ಯಾಕ್ಸ್ ಮತ್ತು ರಿಲ್ಯಾಕ್ಸ್

ಎರಡೂ ಒಂದೇ ಬೇರಿನವು. ಆ ಬೇರಿನ ಅರ್ಥ ಸಡಿಲ. ಆದರೆ ರಿಲ್ಯಾಕ್ಸ್ ಅಂದರೆ ಸಮಾಧಾನ, ಲ್ಯಾಕ್ಸ್ ಅಂದರೆ ಬೈಗುಳ. ‘ಲ್ಯಾಕ್ಸ್ ಸೆಕ್ಯುರಿಟಿ’ ಅಂದರೆ ಬೇಜವಾಬ್ದಾರಿಯ ಕಾವಲು. ಅಪ್ರೈಸಲ್‌ನಲ್ಲಿ ‘ಲ್ಯಾಕ್ಸ್ ಅಬೌಟ್ ಡೆಡ್‌ಲೈನ್ಸ್’ ಅಂತಿದ್ದರೆ ಅದು ಹೊಗಳಿಕೆ ಅಲ್ಲ, ಗಡುವಿನ ವಿಷಯದಲ್ಲಿ ಅಸಡ್ಡೆ ಅಂತ. ಹೊಟ್ಟೆ ಸಡಿಲ ಮಾಡುವ ಲ್ಯಾಕ್ಸೆಟಿವ್ ಮಾತ್ರೆಯೂ ಇವುಗಳ ದಾಯಾದಿಯೇ. ಹಾಗೇ ಇನ್ನೊಂದು ಮಾತು: ‘ಬಿ ರಿಲ್ಯಾಕ್ಸ್’ ಅನ್ನಬೇಡಿ. ಬರೀ ‘ರಿಲ್ಯಾಕ್ಸ್’ ಸಾಕು.

ಹೋಕ್ಸ್ ಮತ್ತು ಕೋಕ್ಸ್

ಹೋಕ್ಸ್ ಅಂದರೆ ಬೇಕಂತಲೇ ಹಬ್ಬಿಸಿದ ಸುಳ್ಳು. ನಮ್ಮ ಪತ್ರಿಕೆಗಳ ‘ಹುಸಿ’ ಇದಕ್ಕೆ ಸರಿಯಾದ ಪದ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಹಲವು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದು, ಮಕ್ಕಳನ್ನು ಹೊರಗೆ ಕಳಿಸಿ ಹುಡುಕಿದಾಗ ಏನೂ ಸಿಗಲಿಲ್ಲ. ಅದು ಹೋಕ್ಸ್. ಗೊತ್ತಿಲ್ಲದೆ ತಪ್ಪು ಮಾಹಿತಿ ಫಾರ್ವರ್ಡ್ ಮಾಡಿದರೆ ಅದು ಬರೀ ತಪ್ಪು. ಹೋಕ್ಸ್‌ನಲ್ಲಿ ಮೋಸದ ಉದ್ದೇಶ ಇರಲೇಬೇಕು.

ಕೋಕ್ಸ್ ಅಂದರೆ ಪುಸಲಾಯಿಸು, ನಯವಾಗಿ ಮಾತಾಡಿ ಒಪ್ಪಿಸು. ಅಜ್ಜಿ ಮೊಮ್ಮಗಳಿಗೆ ಚಂದಮಾಮ ತೋರಿಸಿ ಎರಡು ತುತ್ತು ಹೆಚ್ಚು ತಿನ್ನಿಸ್ತಾರಲ್ಲ, ಅದೇ ಕೋಕ್ಸಿಂಗ್. ಟಿವಿ ಕೇಬಲ್ಲಿನ ‘ಕೋ-ಆ್ಯಕ್ಸ್’ ಇದೇ ಸ್ಪೆಲ್ಲಿಂಗ್ ಆದರೂ ಬೇರೆ ಪದ. ಅದು ಕೋ-ಆ್ಯಕ್ಸಿಯಲ್ ಅನ್ನೋದರ ಮೊಟಕು ರೂಪ.

ವೆಕ್ಸ್ ಮತ್ತು ವ್ಯಾಕ್ಸ್

ವೆಕ್ಸ್ ಅಂದರೆ ಕಾಡು, ರೇಗಿಸು, ತಲೆಕೆಡಿಸು. ‘ವೆಕ್ಸ್ಡ್ ಕ್ವೆಶ್ಚನ್’ ಅಂದರೆ ಎಷ್ಟು ಚರ್ಚೆ ಮಾಡಿದರೂ ಬಿಡಿಸಲಾಗದ ಕಗ್ಗಂಟು. ವ್ಯಾಕ್ಸ್ ಅಂದರೆ ಲಸಿಕೆ. 2021ರಲ್ಲಿ ಆಕ್ಸ್‌ಫರ್ಡ್ ಡಿಕ್ಷನರಿಯವರು ವರ್ಷದ ಪದವಾಗಿ ಆರಿಸಿದ್ದು ಇದನ್ನೇ. ವ್ಯಾಕ್ಸಿನ್ ಪದದ ಮೂಲದಲ್ಲಿ ಲ್ಯಾಟಿನ್ನಿನ ಹಸು ಇದೆ. ಸಿಡುಬಿಗೆ ಮೊದಲ ಲಸಿಕೆ ಸಿಕ್ಕಿದ್ದು ಹಸುವಿನ ಸಿಡುಬಿನಿಂದ, ಅದಕ್ಕೆ.

ಟ್ಯಾಕ್ಸ್, ಇಂಡೆಕ್ಸ್, ಸೆನ್ಸೆಕ್ಸ್

ಟ್ಯಾಕ್ಸಿಗೂ ಟ್ಯಾಕ್ಸಿಗೂ ನೆಂಟಸ್ತಿಕೆ ಇದೆ ಅಂದರೆ ನಗಬೇಡಿ. ಒಂದು ತೆರಿಗೆಯ ಟ್ಯಾಕ್ಸ್, ಇನ್ನೊಂದು ಬಾಡಿಗೆ ಕಾರು. ಎಷ್ಟು ದೂರಕ್ಕೆ ಎಷ್ಟು ದುಡ್ಡು ಅಂತ ಅಳೆಯೋ ‘ಟ್ಯಾಕ್ಸಿಮೀಟರ್’ನಿಂದ ಕಾರಿಗೆ ಆ ಹೆಸರು ಬಂತು, ಅದರೊಳಗೆ ‘ವಿಧಿಸಿದ ಹಣ’ ಅನ್ನೋ ಹಳೇ ಪದ ಇದೆ. ‘ಟ್ಯಾಕ್ಸಿಂಗ್ ಡೇ’ ಅಂದರೆ ತೆರಿಗೆ ಕಟ್ಟೋ ದಿನ ಅಲ್ಲ, ಸುಸ್ತು ಹೊಡೆಸಿದ ದಿನ.

ಇಂಡೆಕ್ಸ್ ಅಂದರೆ ಮೂಲದಲ್ಲಿ ತೋರುಬೆರಳು. ಯಾವ ವಿಷಯ ಯಾವ ಪುಟದಲ್ಲಿದೆ ಅಂತ ಪುಸ್ತಕದಲ್ಲಿ ಬೆರಳು ಮಾಡಿ ತೋರಿಸುವ ಪಟ್ಟಿ ಅದಕ್ಕೇ ಇಂಡೆಕ್ಸ್. ಮಾರುಕಟ್ಟೆ ಯಾವ ಕಡೆ ಹೊರಟಿದೆ ಅಂತ ತೋರಿಸೋ ಸೂಚ್ಯಂಕವೂ ಇಂಡೆಕ್ಸೇ. ‘ಸೆನ್ಸಿಟಿವ್’ ಮತ್ತು ‘ಇಂಡೆಕ್ಸ್’ ಸೇರಿಸಿದರೆ ಸೆನ್ಸೆಕ್ಸ್. ಮುಂಬೈ ಷೇರುಪೇಟೆಯ 30 ಕಂಪನಿಗಳ ಈ ಸೂಚ್ಯಂಕ ಶುರುವಾಗಿದ್ದು 1986ರಲ್ಲಿ.

ಎರಡು ಪುಟ್ಟ ನಿಯಮ

ಒಂದು: ‘ಸ್ಟಾಪ್’ಗೆ ‘ಇಂಗ್’ ಸೇರಿಸುವಾಗ ಪಿ ಎರಡಾಗುತ್ತೆ. ಎಕ್ಸ್ ಮಾತ್ರ ಸಾಮಾನ್ಯವಾಗಿ ಎರಡಾಗಲ್ಲ. ಫಿಕ್ಸಿಂಗ್, ಮಿಕ್ಸಿಂಗ್, ಟ್ಯಾಕ್ಸಿಂಗ್ ಎಲ್ಲದರಲ್ಲೂ ಒಂದೇ ಎಕ್ಸ್. ಕಾರಣ ಸರಳ: ಅದರೊಳಗೆ ಆಗಲೇ ‘ಕ್’ ಮತ್ತು ‘ಸ್’ ಎರಡು ಧ್ವನಿ ಕೂತಿವೆ.

ಎರಡು: ಬಹುವಚನಕ್ಕೆ ಸಾಮಾನ್ಯವಾಗಿ ಇ-ಎಸ್. ಬಾಕ್ಸಸ್, ಟ್ಯಾಕ್ಸಸ್. ಎತ್ತು ಅನ್ನೋ ‘ಆಕ್ಸ್’ ಮಾತ್ರ ಹಠಮಾರಿ, ಅದು ‘ಆಕ್ಸನ್’ ಆಗುತ್ತೆ. ಪುಸ್ತಕದ ಪಟ್ಟಿಗಳಿಗೆ ‘ಇಂಡೆಕ್ಸಸ್’, ಮಾರುಕಟ್ಟೆ ಮತ್ತು ಗಣಿತದಲ್ಲಿ ಹೆಚ್ಚಾಗಿ ‘ಇಂಡಿಸೀಸ್’.

ಫ್ರೆಂಚ್‌ನಿಂದ ಬಂದ ಒಂದು ಪದದಲ್ಲಿ ಎಕ್ಸ್ ಬಾಯೇ ಬಿಡಲ್ಲ. ಎಫ್-ಎ-ಯು-ಎಕ್ಸ್ ಅಂತ ಬರೆದು ‘ಫೋ’ ಅಂತ ಓದಬೇಕು. ಅರ್ಥ ನಕಲಿ. ಆನ್‌ಲೈನ್‌ನಲ್ಲಿ ಬ್ಯಾಗ್ ಕೊಳ್ಳುವಾಗ ‘ಫೋ ಲೆದರ್’ ಅಂತಿದ್ದರೆ ಅದು ಚರ್ಮ ಅಲ್ಲ, ಚರ್ಮದ ಹಾಗೆ ಕಾಣೋದು. ದುಡ್ಡು ಕೊಡೋ ಮುಂಚೆ ಆ ನಾಲ್ಕಕ್ಷರ ಹುಡುಕಿ.

ಈ ವಾರದ ಅಭ್ಯಾಸ

ಯಾವ ಪದ ಸರಿ, ಹೇಳಿ ನೋಡೋಣ:

1. ಮನವೊಲಿಸಿ ಗೆಳತಿಯನ್ನು ಟ್ರೆಕ್ಕಿಂಗ್‌ಗೆ ಕರ್ಕೊಂಡು ಹೋದೆ.
2. ಹೊಸ ಟೀಮ್‌ನಲ್ಲಿ ಯಾರಿಗೆ ಯಾವ ಕೆಲಸ ಅಂತ ಇನ್ನೂ ಬದಲಾಗ್ತಾನೇ ಇದೆ.
3. ಬಾಗಿಲು ತೆಗೆದಿಟ್ಟು ಕಾವಲುಗಾರ ನಿದ್ದೆ ಹೋಗಿದ್ದ.

ಉತ್ತರ: ಕೋಕ್ಸ್, ಫ್ಲಕ್ಸ್, ಲ್ಯಾಕ್ಸ್. ಮೂರೂ ಸರಿಯಾದರೆ ಇವತ್ತಿನ ಮೇಲ್‌ನಲ್ಲೇ ಒಂದನ್ನು ಬಳಸಿ. ಬಳಸಿದ ಪದ ಮಾತ್ರ ನೆನಪಲ್ಲಿ ಉಳಿಯೋದು. ಮುಂದಿನ ಸಲ ಝಡ್ ಬಾಲದ ಪದಗಳ ಜೊತೆ ಸಿಗೋಣ.