ಉಪ್ಪು ತೊಟ್ಟಿಯಲ್ಲಿರಲಿ, ವಿಷ ಕೆರೆಗೆ ಬೇಡ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿ ಸೀಮೆಯ ಬೆಟ್ಟಗಳಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳು ಮಳೆ ಬಂದಾಗ ಮಾತ್ರ ಹೊಳೆಗಳು. ಇಲ್ಲಿನ ಬದುಕನ್ನು ಹಿಡಿದು ನಿಲ್ಲಿಸಿರುವುದು ಕೆರೆ. ದನ ಕುಡಿಯುವುದು, ಅಚ್ಚುಕಟ್ಟು ನೆನೆಯುವುದು, ಕೊಳವೆಬಾವಿಗೆ ಒರತೆ ದೊರೆಯುವುದು ಅದೇ ನೀರಿನಿಂದ. ಅದೇ ನೀರಿನಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮೀನುಗಳ ಸಾಕಣೆಯೂ ನಡೆಯುತ್ತದೆ. ಆದುದರಿಂದ ಮೀನಿಗೆ ಯಾವ ಮದ್ದು ಹಾಕಬೇಕೆಂಬುದು ಗುತ್ತಿಗೆದಾರನೊಬ್ಬನ ಸ್ವಂತ ವಿಷಯವಲ್ಲ. ಅದು ಊರಿನ ವಿಷಯ.

ಸಾಕಿದ ಮೀನಿಗೆ ಅಂಟುವ ಪರೋಪಜೀವಿಗಳು ಹಲವು. ಮೈಮೇಲೆ ಕಣ್ಣಿಗೆ ಕಾಣುವಂತೆ ಹರಿದಾಡುವ ಮೀನುಹೇನು, ಮಾಂಸದೊಳಗೆ ತಲೆ ಹುದುಗಿಸುವ ಲಂಗರುಹುಳು, ಕಿವಿರಿಗೆ ಕಚ್ಚಿಕೊಳ್ಳುವ ಚಪ್ಪಟೆಹುಳು, ಸೂಕ್ಷ್ಮದರ್ಶಕದಡಿ ಚಕ್ರದಂತೆ ಸುತ್ತುವ ಟ್ರೈಕೋಡಿನಾ. ಇವುಗಳಲ್ಲಿ ಹೇನಿನ ಕಾಟ ಕಂಡೊಡನೆ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗಳಂಥ ಕೀಟನಾಶಕಗಳನ್ನು ನೀರಿಗೇ ಬೆರೆಸುವ ರೂಢಿ ದೇಶದ ಅನೇಕ ಮೀನುಕೊಳಗಳಲ್ಲಿದೆ. ಹೇನು ಸಾಯುತ್ತದೆ, ನಿಜ. ಆದರೆ ಮೀನುಮರಿಗೆ ಆಹಾರವಾಗಬೇಕಾದ ಸೂಕ್ಷ್ಮ ಜಲಜೀವಿಗಳೂ ಸಾಯುತ್ತವೆ. ಪ್ರಮಾಣ ತುಸು ತಪ್ಪಿದರೆ ಮೀನೇ ಸಾಯುತ್ತದೆ.

ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಅಪಾಯ ಅಲ್ಲಿಗೇ ನಿಲ್ಲುವುದಿಲ್ಲ. ಇದು ರೇಷ್ಮೆಯ ನಾಡು. ಈ ಗುಂಪಿನ ಕೀಟನಾಶಕಗಳ ಅತ್ಯಲ್ಪ ಅಂಶವನ್ನೂ ರೇಷ್ಮೆಹುಳು ತಾಳಲಾರದು. ಕೆರೆಯ ಅಥವಾ ಕೃಷಿಹೊಂಡದ ನೀರನ್ನು ಹಿಪ್ಪುನೇರಳೆಯ ಎಲೆಗೆ ಸಿಂಪಡಿಸುವ ರೈತನಿಗೆ ಆ ನೀರಿಗೆ ಯಾರು, ಎಂದು, ಏನನ್ನು ಬೆರೆಸಿದರೆಂಬುದು ತಿಳಿದಿರುವುದಿಲ್ಲ. ಒಬ್ಬನ ಮೀನು ಉಳಿಸಲು ಹಾಕಿದ ಮದ್ದು ಇನ್ನೊಬ್ಬನ ಹುಳುಮನೆಯನ್ನು ಬರಿದು ಮಾಡಬಹುದು.

ಇದಕ್ಕೆ ಬದಲಾಗಿ ಬಹುಕಾಲದಿಂದ ತಿಳಿದಿರುವ ಸರಳ ಉಪಾಯವೊಂದಿದೆ. ಅದು ಉಪ್ಪುನೀರಿನ ಸ್ನಾನ. ಸಿಹಿನೀರಿನ ಮೀನಿನ ರಕ್ತದಲ್ಲಿ ಉಪ್ಪಿನ ಅಂಶ ಶೇಕಡ 1ಕ್ಕಿಂತ ತುಸು ಕಡಿಮೆ. ಅದಕ್ಕಿಂತ ಗಟ್ಟಿಯಾದ ಉಪ್ಪುನೀರಿನಲ್ಲಿ ಸೂಕ್ಷ್ಮ ಪರೋಪಜೀವಿಯ ಮೈಯ ನೀರು ಕ್ಷಣಮಾತ್ರದಲ್ಲಿ ಹೊರಗೆ ಸೆಳೆಯಲ್ಪಡುತ್ತದೆ. ಹುರುಪೆ ಮತ್ತು ಲೋಳೆಯ ರಕ್ಷಣೆಯಿರುವ ಮೀನು ಕೆಲವು ನಿಮಿಷ ತಾಳಿಕೊಳ್ಳುತ್ತದೆ. ಈ ಕೆಲವು ನಿಮಿಷಗಳ ಅಂತರದಲ್ಲಿಯೇ ಚಿಕಿತ್ಸೆಯ ಗುಟ್ಟು ಅಡಗಿದೆ.

ಹತ್ತು ಲೀಟರ್ ನೀರಿಗೆ 200ರಿಂದ 300 ಗ್ರಾಂ ಕಲ್ಲುಪ್ಪನ್ನು ಪೂರ್ತಿ ಕರಗಿಸಿ, ಬಿತ್ತನೆ ಮರಿಗಳನ್ನು ಬಲೆಯಲ್ಲಿಟ್ಟು ಒಂದೆರಡು ನಿಮಿಷ ಅದ್ದಬೇಕು. ಮೊದಲು ನಾಲ್ಕಾರು ಮರಿಗಳ ಮೇಲೆ ಪರೀಕ್ಷಿಸುವುದು ಕ್ಷೇಮ. ಮರಿ ಪಕ್ಕಕ್ಕೆ ಮಗುಚಿದರೆ ತಡಮಾಡದೆ ಸಿಹಿನೀರಿಗೆ ಬಿಡಬೇಕು. ಸತು ಲೇಪಿಸಿದ ತಗಡಿನ ಪಾತ್ರೆ ಸಲ್ಲದು, ಪ್ಲಾಸ್ಟಿಕ್ ತೊಟ್ಟಿಯೇ ಸರಿ. ಹೊರಗಿನಿಂದ ಮರಿ ತಂದ ದಿನ, ಕೆರೆಗೆ ಬಿಡುವ ಮುನ್ನ ಈ ಕೆಲಸ ನಡೆಯಬೇಕು. ಕೆರೆಗೆ ಸೇರಿದ ಮೇಲೆ ಪ್ರತಿ ಮೀನನ್ನೂ ಹಿಡಿದು ಅದ್ದುವುದು ಆಗದ ಮಾತು.

ಉಪ್ಪು ಸರ್ವರೋಗ ನಿವಾರಕವಲ್ಲವೆಂಬುದನ್ನೂ ಹೇಳಬೇಕು. ಟ್ರೈಕೋಡಿನಾ ಮುಂತಾದ ಸೂಕ್ಷ್ಮಜೀವಿಗಳಿಗೆ ಅದು ಒಳ್ಳೆಯ ಮದ್ದು. ಕಿವಿರಿನ ಹುಳುಗಳನ್ನು ಕಡಿಮೆ ಮಾಡುತ್ತದೆ. ಚರ್ಮದಡಿ ಅವಿತ ಬಿಳಿಚುಕ್ಕೆ ರೋಗಾಣುವನ್ನಾಗಲಿ, ಬೇರೂರಿದ ಲಂಗರುಹುಳುವನ್ನಾಗಲಿ ಎರಡು ನಿಮಿಷದ ಸ್ನಾನ ಮುಟ್ಟಲಾರದು. ಬಲಿತ ಹೇನಿಗೂ ಅದನ್ನೊಂದನ್ನೇ ನಂಬುವಂತಿಲ್ಲ. ಆದರೆ ಹೇನು ಗಟ್ಟಿ ವಸ್ತುಗಳ ಮೇಲೆ ಮೊಟ್ಟೆಯಿಡುತ್ತದೆ. ನೀರಿನಲ್ಲಿ ಬಿದಿರಿನ ಗಳುಗಳನ್ನು ನೆಟ್ಟು, ವಾರಕ್ಕೊಮ್ಮೆ ಕಿತ್ತು ಬಿಸಿಲಿಗೆ ಒಣಗಿಸಿದರೆ ವಿಷವಿಲ್ಲದೆಯೇ ಅದರ ಸಂತತಿ ತಗ್ಗುತ್ತದೆ.

ಉಪ್ಪು ಅಗ್ಗವೆಂದು ಅದನ್ನು ಕೆರೆಗೇ ಸುರಿಯುವ ಯೋಚನೆ ಯಾರಿಗೂ ಬಾರದಿರಲಿ. ಒಂದು ಎಕರೆ ವಿಸ್ತಾರ, ಒಂದು ಮೀಟರ್ ಆಳದ ನೀರೆಂದರೆ ಸುಮಾರು 40 ಲಕ್ಷ ಲೀಟರ್. ಅದನ್ನು ಶೇಕಡ 0.3ರಷ್ಟು ಉಪ್ಪಾಗಿಸಲು 12 ಟನ್ ಉಪ್ಪು ಬೇಕು. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಕೋಡಿ ಹರಿಯದ ವರ್ಷಗಳಲ್ಲಿ ಅದು ಮಣ್ಣಿಗೂ ಅಂತರ್ಜಲಕ್ಕೂ ಇಳಿಯುತ್ತದೆ. ನೂರು ಲೀಟರ್ ತೊಟ್ಟಿಗಾದರೋ ಎರಡು ಕಿಲೋ ಸಾಕು. ಬಳಸಿದ ಉಪ್ಪುನೀರನ್ನೂ ಕೆರೆಗೆ, ತೋಟಕ್ಕೆ ಚೆಲ್ಲದೆ ಅಗಲ ಬಾಯಿಯ ಪಾತ್ರೆಯಲ್ಲಿ ಬಿಸಿಲಿಗಿಟ್ಟು ಆರಿಸಬೇಕು.

ಕಾಯಿಲೆಯ ಮೂಲ ಮಾತ್ರ ಇನ್ನೂ ಆಳದಲ್ಲಿದೆ. ಮರಿಗಳನ್ನು ಕಿಕ್ಕಿರಿದು ತುಂಬಿದ, ಕೊಳೆತ ವಸ್ತು ಹೆಚ್ಚಿದ ನೀರಿನಲ್ಲಿ ಪರೋಪಜೀವಿಗಳು ಬೇಗ ವೃದ್ಧಿಸುತ್ತವೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ತ್ಯಾಜ್ಯನೀರು ಎರಡನೇ ಹಂತದ ಸಂಸ್ಕರಣೆಯಷ್ಟೇ ಪಡೆದು ಈ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ರೈತರ ಬೇಡಿಕೆಗೆ ಮೀನಿನ ಆರೋಗ್ಯವೂ ಒಂದು ಕಾರಣವಾಗಬೇಕು.

ಗ್ರಾಮ ಪಂಚಾಯಿತಿಗಳು ಹಾಗೂ ಮೀನುಗಾರಿಕೆ ಇಲಾಖೆ ಕೆರೆಯ ಗುತ್ತಿಗೆ ಕರಾರಿನಲ್ಲಿ ಎರಡು ಸಾಲು ಸೇರಿಸಲಿ: ಮರಿ ಬಿಡುವ ದಿನ ಊರವರ ಎದುರಿನಲ್ಲಿ ಉಪ್ಪುಸ್ನಾನ ಕಡ್ಡಾಯ, ಕೆರೆಯ ನೀರಿಗೆ ಕೀಟನಾಶಕ ನಿಷಿದ್ಧ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗಿನ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಬಲೆ ಎಳೆದಾಗ ಹತ್ತು ಮೀನುಗಳ ಮೈಮೇಲಿನ ಹೇನು ಎಣಿಸಿ ದಾಖಲಿಸಲಿ. ಕಿವಿರಿನ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಲಿ. ಮೀನಿನ ಹಕ್ಕು ಗುತ್ತಿಗೆದಾರನದು. ನೀರಿನ ಹಕ್ಕು ಊರಿನದು. ಕರಾರು ಬರೆಯುವವರು ಈ ವ್ಯತ್ಯಾಸವನ್ನು ಮರೆಯಬಾರದು.